ವಿಮಾನದ ಕ್ಯಾಬಿನ್‌ನಲ್ಲಿ ವಾಯುಸಂಚಾರ

ವಿಮಾನದ ಕ್ಯಾಬಿನ್ ವಾಯುಸಂಚಾರ ವ್ಯವಸ್ಥೆಯು ಪ್ರಯಾಣಿಕ ವಿಮಾನದೊಳಗೆ ಉಸಿರಾಟಕ್ಕೆ ತಕ್ಕ ಒತ್ತಡ, ಉಷ್ಣತೆ ಹಾಗೂ ಶುದ್ಧತೆಯುಳ್ಳ ಗಾಳಿಯನ್ನು ಪೂರೈಸುವ ಏರ್ಪಾಡಾಗಿದೆ. ಜೆಟ್ ವಿಮಾನಗಳು ಸಾಮಾನ್ಯವಾಗಿ 30,000ದಿಂದ 40,000 ಅಡಿಗಳ ಎತ್ತರದಲ್ಲಿ ಹಾರುತ್ತವೆ. ಅಲ್ಲಿನ ವಾಯುವಿನ ಒತ್ತಡವು ಸಮುದ್ರಮಟ್ಟದ ಒತ್ತಡದ ಮೂರನೇ ಒಂದು ಭಾಗಕ್ಕಿಂತಲೂ ಕಡಿಮೆ. ಆ ಗಾಳಿಯನ್ನು ನೇರವಾಗಿ ಉಸಿರಾಡಿದ ಮನುಷ್ಯನು ಕೆಲವೇ ನಿಮಿಷಗಳಲ್ಲಿ ಪ್ರಜ್ಞೆ ಕಳೆದುಕೊಳ್ಳುತ್ತಾನೆ. ಆದುದರಿಂದ ಕ್ಯಾಬಿನ್ನಿನ ಒತ್ತಡವನ್ನು ಕೃತಕವಾಗಿ ಹೆಚ್ಚಿಸಲಾಗುತ್ತದೆ. ಈ ಅನುಕೂಲವಿದ್ದ ಮೊದಲ ಪ್ರಯಾಣಿಕ ವಿಮಾನ ಬೋಯಿಂಗ್ 307. ಅದು 1940ರಲ್ಲಿ ಸೇವೆಗೆ ಬಂದಿತು.

ಕಾರ್ಯವಿಧಾನ

ಬಹುತೇಕ ವಿಮಾನಗಳಲ್ಲಿ ಹೊರಗಿನ ಗಾಳಿಯನ್ನು ಎಂಜಿನ್ನಿನ ಕಂಪ್ರೆಸರ್ ಭಾಗದಿಂದ, ಇಂಧನ ಬೆರೆಯುವುದಕ್ಕೆ ಮೊದಲೇ ಪಡೆಯಲಾಗುತ್ತದೆ. ಸಂಕುಚಿತಗೊಂಡು ಬಿಸಿಯಾದ ಈ ಗಾಳಿಯನ್ನು ತಂಪುಗೊಳಿಸಿ, ಕ್ಯಾಬಿನ್ನಿನಿಂದ ಹಿಂದಕ್ಕೆ ಪಡೆದು ಸೋಸಿದ ಗಾಳಿಯೊಡನೆ ಹೆಚ್ಚುಕಡಿಮೆ ಸಮಪ್ರಮಾಣದಲ್ಲಿ ಬೆರೆಸುತ್ತಾರೆ. 2011ರಲ್ಲಿ ಸೇವೆಗೆ ಬಂದ ಬೋಯಿಂಗ್ 787 ಇದಕ್ಕೆ ಅಪವಾದ. ಅದರಲ್ಲಿ ವಿದ್ಯುತ್ ಚಾಲಿತ ಕಂಪ್ರೆಸರ್‌ಗಳು ಹೊರಗಿನ ಗಾಳಿಯನ್ನು ಒಳಕ್ಕೆ ಸೆಳೆಯುತ್ತವೆ.

ಗಾಳಿಯು ಪ್ರಯಾಣಿಕರ ತಲೆಯ ಮೇಲ್ಭಾಗದಿಂದ ಬಂದು, ಬಹುಪಾಲು ಅದೇ ಸಾಲಿನ ನೆಲದ ಬಳಿಯಿಂದ ಹೊರಹೋಗುತ್ತದೆ. ಗಂಟೆಗೆ ಸುಮಾರು 20ರಿಂದ 30 ಬಾರಿ ಕ್ಯಾಬಿನ್ನಿನ ಗಾಳಿ ಬದಲಾಗುತ್ತದೆ. ಹೀಗಾಗಿ ಪ್ರಯಾಣದುದ್ದಕ್ಕೂ ಅದೇ ಗಾಳಿ ಸುತ್ತುತ್ತಿರುತ್ತದೆ ಎಂಬ ಜನಪ್ರಿಯ ನಂಬಿಕೆ ಸರಿಯಲ್ಲ. ದೊಡ್ಡ ವಿಮಾನಗಳಲ್ಲಿ ಸಾಮಾನ್ಯವಾಗಿರುವ ಹೆಪಾ ಫಿಲ್ಟರ್‌ಗಳು 0.3 ಮೈಕ್ರಾನ್ ಗಾತ್ರದ ಕಣಗಳಲ್ಲಿ ಶೇ. 99.97ರಷ್ಟನ್ನು ತಡೆಯುತ್ತವೆ.

ಒತ್ತಡ ಮತ್ತು ತೇವಾಂಶ

ಕ್ಯಾಬಿನ್ನಿನ ಒತ್ತಡವು 8,000 ಅಡಿ ಎತ್ತರದಲ್ಲಿರುವ ಒತ್ತಡಕ್ಕಿಂತ ಕಡಿಮೆಯಾಗದಂತೆ ವಿಮಾನಗಳನ್ನು ವಿನ್ಯಾಸಗೊಳಿಸಲಾಗುತ್ತದೆ. ಎತ್ತರದ ಶೀತಲ ಗಾಳಿಯಲ್ಲಿ ನೀರಾವಿ ಅತ್ಯಲ್ಪವಾಗಿರುವುದರಿಂದ ದೀರ್ಘ ಪ್ರಯಾಣದಲ್ಲಿ ಸಾಪೇಕ್ಷ ಆರ್ದ್ರತೆಯು ಶೇ. 20ಕ್ಕಿಂತ ಕೆಳಗಿಳಿಯುವುದುಂಟು. ಕಣ್ಣು, ಗಂಟಲು ಒಣಗಲು ಇದೇ ಕಾರಣ.

ಸೋಂಕಿನ ಹರಡುವಿಕೆ

ಈ ವ್ಯವಸ್ಥೆ ನಿಂತಾಗ ಆಗುವ ಪರಿಣಾಮವನ್ನು 1977ರಲ್ಲಿ ಅಲಾಸ್ಕಾದಲ್ಲಿ ನಡೆದ ಪ್ರಕರಣ ತೋರಿಸಿತು. ಎಂಜಿನ್ ದೋಷದಿಂದಾಗಿ 54 ಮಂದಿಯಿದ್ದ ವಿಮಾನವೊಂದು ಸುಮಾರು ಮೂರು ಗಂಟೆ ನೆಲದ ಮೇಲೆಯೇ ನಿಂತಿತ್ತು, ವಾಯುಸಂಚಾರವೂ ಸ್ಥಗಿತವಾಗಿತ್ತು. ಮುಂದಿನ ಮೂರು ದಿನಗಳಲ್ಲಿ ಪ್ರಯಾಣಿಕರಲ್ಲಿ ಶೇ. 72ರಷ್ಟು ಮಂದಿ ಅಸ್ವಸ್ಥರಾದರು. ಇದಕ್ಕೆ ಇನ್‌ಫ್ಲುಯೆಂಜಾ ಸೋಂಕು ಕಾರಣವಾಗಿತ್ತು.

ವ್ಯವಸ್ಥೆ ಕಾರ್ಯನಿರತವಾಗಿದ್ದರೂ ರಕ್ಷಣೆ ಪರಿಪೂರ್ಣವಲ್ಲ. ರೋಗಿಯು ಹೊರಸೂಸಿದ ಕಣಗಳು ಫಿಲ್ಟರ್ ತಲುಪುವ ಮುನ್ನವೇ ಸಮೀಪದವರನ್ನು ಸೇರಬಲ್ಲವು. 2003ರ ಮಾರ್ಚ್ 15ರಂದು ಹಾಂಗ್‌ಕಾಂಗ್‌ನಿಂದ ಬೀಜಿಂಗ್‌ಗೆ ಹೋದ ವಿಮಾನದಲ್ಲಿ ಒಬ್ಬ ಸಾರ್ಸ್ ರೋಗಿಯಿಂದ ಸುಮಾರು 20 ಮಂದಿಗೆ ಸೋಂಕು ತಗುಲಿತೆಂದು ನಂತರದ ಅಧ್ಯಯನ ಗುರುತಿಸಿತು. ಅವರಲ್ಲಿ ಕೆಲವರು ಹಲವು ಸಾಲುಗಳ ಆಚೆ ಕುಳಿತಿದ್ದರು.

ಇತರ ಮಾಲಿನ್ಯಕಾರಕಗಳು

* ತಂಬಾಕಿನ ಹೊಗೆ: ಒಂದು ಕಾಲದಲ್ಲಿ ಕ್ಯಾಬಿನ್ನಿನ ಮುಖ್ಯ ಮಾಲಿನ್ಯವಾಗಿತ್ತು. ಅಮೆರಿಕವು 1988ರಲ್ಲಿ ಎರಡು ಗಂಟೆಯೊಳಗಿನ ದೇಶೀಯ ಹಾರಾಟಗಳಲ್ಲಿ ಧೂಮಪಾನವನ್ನು ನಿಷೇಧಿಸಿ, ನಿಷೇಧವನ್ನು ಹಂತಹಂತವಾಗಿ ವಿಸ್ತರಿಸಿತು.
* ಓಝೋನ್: ಎತ್ತರದ ವಾಯುಮಂಡಲದಲ್ಲಿ ಹೆಚ್ಚಾಗಿರುವ ಈ ಅನಿಲವನ್ನು ವಿಭಜಿಸಲು ಅನೇಕ ವಿಮಾನಗಳಲ್ಲಿ ವೇಗವರ್ಧಕ ಪರಿವರ್ತಕಗಳಿರುತ್ತವೆ.
* ಎಂಜಿನ್ ಎಣ್ಣೆಯ ಆವಿ: ಎಂಜಿನ್ನಿನ ಸೀಲುಗಳು ಸೋರಿದಾಗ ಒಳಬರುವ ಗಾಳಿಯಲ್ಲಿ ಬೆರೆಯಬಹುದು. ಹೆಪಾ ಫಿಲ್ಟರ್ ಕಣಗಳನ್ನು ತಡೆಯುತ್ತದೆಯೇ ಹೊರತು ಆವಿಯನ್ನಲ್ಲ. ಇದರಿಂದ ದೀರ್ಘಕಾಲದ ಅನಾರೋಗ್ಯ ಉಂಟಾಗುತ್ತದೆಂದು ಕೆಲವು ವಿಮಾನ ಸಿಬ್ಬಂದಿ ಹೇಳುತ್ತಾರೆ. ಈ ವಿಷಯದಲ್ಲಿ ವೈದ್ಯಕೀಯ ಒಮ್ಮತವಿಲ್ಲ.