ನಡುಗಡಲಿನ ಎಣ್ಣೆಕೊಳ

ಚಿತ್ರದುರ್ಗದ ಕೋಟೆಯ ಎಣ್ಣೆಕೊಳ, ಕಣಜಗಳನ್ನು ಕಂಡವರಿಗೆ ಗೊತ್ತು: ಒಳಗೆ ದಾಸ್ತಾನಿದ್ದರೇ ಮುತ್ತಿಗೆ ತಾಳಲು ಸಾಧ್ಯ. ಕಡಲಲ್ಲಿ ಬೇರೆ ಹಡಗುಗಳಿಗೆ ಆ ದಾಸ್ತಾನು ಒದಗಿಸುವ ಕೆಲಸ ತೈಲ ಹಡಗು ಐಎನ್‌ಎಸ್ ದೀಪಕ್‌ನದು. ಇಟಲಿಯ ಫಿನ್‌ಕಾಂಟಿಯೆರಿ ಕಟ್ಟಿದ, 175 ಮೀಟರ್ ಉದ್ದದ ಈ ಹಡಗು 2011ರ ಜನವರಿ 21ರಂದು ಮುಂಬೈಯಲ್ಲಿ ನೌಕಾಪಡೆ ಸೇರಿತು. ತೈಲ ಸೋರಿ ಕಡಲು ಕೆಡದಿರಲೆಂದು ಇದರ ಒಡಲಿಗೆ ಎರಡು ಪದರ.

ಇದು ಬೇರೆ ಹಡಗುಗಳಿಗೆ ತೈಲ ತುಂಬುವ ಬಗೆಯೇ ಸೋಜಿಗ. ಹಡಗುಗಳು ನಿಲ್ಲುವುದಿಲ್ಲ, ಅಕ್ಕಪಕ್ಕದಲ್ಲಿ ಒಂದೇ ವೇಗದಲ್ಲಿ ಸಾಗುತ್ತಲೇ ಇರುತ್ತವೆ. ಮೊದಲು ಸಣ್ಣ ಹಗ್ಗ ದಾಟುತ್ತದೆ, ಅದರ ಬೆನ್ನಿಗೆ ಉಕ್ಕಿನ ತಂತಿ, ಆ ತಂತಿಗೆ ತೂಗಿಬಿಟ್ಟ ಕೊಳವೆ. ಅಲೆ ಎಷ್ಟೇ ಎದ್ದರೂ ಚುಕ್ಕಾಣಿ ಹಿಡಿದ ಕೈ ಅಲುಗುವಂತಿಲ್ಲ. ಹೀಗೆ ಏಕಕಾಲಕ್ಕೆ ನಾಲ್ಕು ಹಡಗುಗಳಿಗೆ ದೀಪಕ್ ಇಂಧನ ಕೊಡಬಲ್ಲದು. ದಿನಸಿ, ಮದ್ದುಗುಂಡುಗಳೂ ತಂತಿಯ ಮೇಲೆಯೇ ದಾಟುತ್ತವೆ.

ಇದೇ ಹೆಸರಿನ ಮೊದಲ ಹಡಗು 1967ರಲ್ಲಿ ಜರ್ಮನಿಯಿಂದ ಬಂದಿತ್ತು.