ಕೂಟದಲ್ಲಿ ಪಕ್ವವಾಗುವ ವಿಶ್ವಾಸ: ಬೆಂಗಳೂರು ಗ್ರಾಮಾಂತರದ ಕನ್ನಡ ಕ್ರೈಸ್ತ ಸಭೆಗಳಲ್ಲಿ ಆಧ್ಯಾತ್ಮಿಕ ಪ್ರೌಢತೆಯ ಸಾಮುದಾಯಿಕ ನೆಲೆಗಳು

ಸಾರಾಂಶ

ಕ್ರೈಸ್ತ ವಿಶ್ವಾಸಿಯ ಆಧ್ಯಾತ್ಮಿಕ ಬೆಳವಣಿಗೆಯನ್ನು ಅವರ ಅಂತರಂಗದ ಸಾಧನೆಯಾಗಿ ವಿವರಿಸುವುದು ವಾಡಿಕೆ. ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ ತಾಲ್ಲೂಕುಗಳ ಕನ್ನಡ ಸಭೆಗಳು ಬೆಳೆದುಬಂದ ಬಗೆಯನ್ನು ಗಮನಿಸಿದರೆ ಈ ವಿವರಣೆ ಅರ್ಧದಷ್ಟೇ ನಿಜವೆನಿಸುತ್ತದೆ. ಒಬ್ಬರನ್ನೊಬ್ಬರು ವಿಚಾರಿಸಿಕೊಳ್ಳುವ, ಒಬ್ಬರಿಗೊಬ್ಬರು ಲೆಕ್ಕ ಒಪ್ಪಿಸುವ ಚಿಕ್ಕ ಕೂಟಗಳಲ್ಲಿ ಪ್ರೌಢತೆ ರೂಪುಗೊಳ್ಳುತ್ತದೆ, ಆ ಕೂಟಗಳು ಸೊರಗಿದಲ್ಲಿ ಉತ್ತಮ ಬೋಧನೆಯೂ ಅದನ್ನು ತುಂಬಿಕೊಡಲಾರದು ಎಂಬುದು ಈ ಲೇಖನದ ವಾದ.

1. ಪ್ರಸ್ತಾವನೆ

2011ರ ಜನಗಣತಿಯ ಪ್ರಕಾರ ಕರ್ನಾಟಕದ ಜನಸಂಖ್ಯೆಯಲ್ಲಿ ಕ್ರೈಸ್ತರ ಪಾಲು ಶೇ. 1.87. ಬೆಂಗಳೂರು ಗ್ರಾಮಾಂತರ ಜಿಲ್ಲೆಯ 9,90,923 ಜನರಲ್ಲಿ ಅವರದು ತೀರ ಸಣ್ಣ ಸಮುದಾಯ. ಇಲ್ಲಿನ ಹಳ್ಳಿ ಮತ್ತು ಪಟ್ಟಣಗಳ ಹಳೆಯ ಕನ್ನಡ ಸಭೆಗಳಲ್ಲಿ ಸಾಮಾನ್ಯವಾಗಿ ಎಲ್ಲರಿಗೂ ಎಲ್ಲರ ಪರಿಚಯವಿರುತ್ತದೆ. ಯಾರ ಮಗ ಯಾವ ಕಾರ್ಖಾನೆಗೆ ಹೋಗುತ್ತಾನೆ, ಯಾರ ಮನೆಯಲ್ಲಿ ಅಣ್ಣತಮ್ಮಂದಿರ ಮಾತು ನಿಂತಿದೆ ಎಂಬುದು ಯಾರಿಗೂ ಗುಟ್ಟಲ್ಲ. ಇಂಥ ಸಭೆಯಲ್ಲಿ ಭಕ್ತಿಯನ್ನು ಖಾಸಗಿ ವಿಷಯವಾಗಿ ಇಟ್ಟುಕೊಳ್ಳುವುದು ಕಷ್ಟ. ಈ ಕಷ್ಟವೇ ಇಲ್ಲಿನ ವಿಶ್ವಾಸಿಗಳಿಗೆ ಸಿಕ್ಕಿರುವ ಶಿಕ್ಷಣ ಎಂಬುದನ್ನು ಮುಂದಿನ ಭಾಗಗಳು ತೋರಿಸಲು ಯತ್ನಿಸುತ್ತವೆ.

ಲೇಖನಕ್ಕೆ ಆಧಾರವಾಗಿರುವುದು ಮಿಷನ್ ಚರಿತ್ರೆ, ಸಭೆಗಳ ಆರಾಧನಾ ಕ್ರಮ, ಮತ್ತು ಇಲ್ಲಿನ ಸಭೆಗಳಲ್ಲಿ ರೂಢಿಯಲ್ಲಿರುವ ಆಚರಣೆಗಳು. ಪ್ರಾಟೆಸ್ಟೆಂಟ್ ಸಭೆಗಳಿಗೆ ಹೆಚ್ಚು ಜಾಗ ಕೊಟ್ಟು, ಕಥೋಲಿಕ ಪರಂಪರೆಯನ್ನು ಹೋಲಿಕೆಗೆ ಬೇಕಾದಷ್ಟು ತರಲಾಗಿದೆ.

2. ಪ್ರೌಢತೆಯ ಪರಿಕಲ್ಪನೆ

ಹೊಸ ಒಡಂಬಡಿಕೆ ಪ್ರೌಢತೆಯ ಮಾತನ್ನು ಎತ್ತುವ ಸಂದರ್ಭಗಳೇ ಗಮನಾರ್ಹ. ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರದಲ್ಲಿ ಪೌಲನು ಓದುಗರನ್ನು ಇನ್ನೂ ಹಾಲು ಕುಡಿಯುವ ಕೂಸುಗಳೆಂದು ಕರೆಯುತ್ತಾನೆ. ಅದಕ್ಕೆ ಅವನು ಕೊಡುವ ಸಾಕ್ಷ್ಯ ಅವರ ಅಜ್ಞಾನವಲ್ಲ, ಅವರೊಳಗಿನ ಹೊಟ್ಟೆಕಿಚ್ಚು ಮತ್ತು ಜಗಳ. ಎಫೆಸದವರಿಗೆ ಬರೆದ ಪತ್ರದ ನಾಲ್ಕನೆಯ ಅಧ್ಯಾಯದಲ್ಲಿ ಬೆಳೆಯುವುದು ದೇಹವೊಂದರ ಎಲ್ಲ ಅಂಗಗಳು, ಅದೂ ಒಟ್ಟಾಗಿ. ಎಂದರೆ ಮೂಲಗ್ರಂಥದಲ್ಲೇ ಪ್ರೌಢತೆಯನ್ನು ಅಳೆಯುವ ಜಾಗ ಸಹವಾಸ.

ಆಧುನಿಕ ಚಿಂತನೆಯಲ್ಲಿ ಒತ್ತು ಬೇರೆ ಕಡೆಗೆ ಸರಿಯಿತು. ಅಮೆರಿಕದ ವಿದ್ವಾಂಸ ಜೇಮ್ಸ್ ಫೌಲರ್ 1981ರಲ್ಲಿ ಪ್ರಕಟಿಸಿದ 'ಸ್ಟೇಜಸ್ ಆಫ್ ಫೇಯ್ತ್' ಗ್ರಂಥ ನಂಬಿಕೆಯ ಬೆಳವಣಿಗೆಯನ್ನು ಆರು ಹಂತಗಳಲ್ಲಿ ವಿವರಿಸಿತು. ಬಾಲ್ಯದ ಕಥಾಲೋಕದಿಂದ ಹಿಡಿದು ಸರ್ವರನ್ನೂ ಒಳಗೊಳ್ಳುವ ದೃಷ್ಟಿಯವರೆಗೆ ವ್ಯಕ್ತಿಯ ತಿಳಿವಳಿಕೆ ಹೇಗೆ ಬದಲಾಗುತ್ತದೆ ಎಂಬುದು ಅದರ ಮುಖ್ಯ ಕಾಳಜಿ. ಧಾರ್ಮಿಕ ಶಿಕ್ಷಣಕ್ಕೆ ಇದರಿಂದ ಉಪಕಾರವಾಗಿದೆ. ಆದರೆ ಪೌಲನು ಕೊರಿಂಥದಲ್ಲಿ ಕಂಡ ಜಗಳಕ್ಕೆ ಈ ಏಣಿಯಲ್ಲಿ ಸರಿಯಾದ ಜಾಗ ಸಿಗುವುದಿಲ್ಲ. ಮೇಲಿನ ಹಂತಕ್ಕೆ ತಕ್ಕ ತಿಳಿವಳಿಕೆ ಇರುವವರೂ ತಮ್ಮ ಸಭೆಯ ಹತ್ತು ಜನರೊಡನೆ ಬಾಳಲಾರದೆ ಹೋಗಬಹುದು.

ಕನ್ನಡ ಓದುಗರಿಗೆ ಹಂತಗಳ ವಿಚಾರ ಹೊಸದೇನಲ್ಲ. ಭಕ್ತಸ್ಥಲದಿಂದ ಐಕ್ಯಸ್ಥಲದವರೆಗಿನ ಷಟ್‌ಸ್ಥಲ ನಮ್ಮ ನೆಲದ್ದೇ. ಶರಣರು ಆ ಮಾರ್ಗವನ್ನು ಕಾಯಕ, ದಾಸೋಹ ಮತ್ತು ಅನುಭಾವದ ಗೋಷ್ಠಿಗಳಿಂದ ಬೇರ್ಪಡಿಸಲಿಲ್ಲ. ಇದರ ಮಹತ್ವವನ್ನು ಕಂಡ ಕ್ರೈಸ್ತ ಚಿಂತಕರಲ್ಲಿ ಬಾಸೆಲ್ ಮಿಷನ್ ಪರಂಪರೆಯ ಸಭಾಪಾಲಕ ಉತ್ತಂಗಿ ಚನ್ನಪ್ಪನವರು (1881–1962) ಪ್ರಮುಖರು. ಸರ್ವಜ್ಞನ ವಚನಗಳನ್ನು ಸಂಗ್ರಹಿಸಿಕೊಟ್ಟ ಅವರು 1949ರಲ್ಲಿ ಗುಲ್ಬರ್ಗದಲ್ಲಿ ನಡೆದ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾಗಿದ್ದರು. ಅನುಭವ ಮಂಟಪದ ಐತಿಹಾಸಿಕತೆಯನ್ನು ಕೆಲವರು ಶಂಕಿಸಿದಾಗ ಅದನ್ನು ಸಮರ್ಥಿಸಿ ಪುಸ್ತಕ ಬರೆದವರೂ ಅವರೇ. ಸಾಧಕರು ಕೂಡಿ ಕುಳಿತು ಪರಸ್ಪರರ ಅನುಭವವನ್ನು ಪರೀಕ್ಷಿಸುವ ಮಂಟಪವೊಂದು ಕ್ರೈಸ್ತ ಪಾಲಕರಿಗೆ ಅಷ್ಟು ಮುಖ್ಯವಾಗಿ ತೋರಿದ್ದರಲ್ಲಿ ಆಶ್ಚರ್ಯವಿಲ್ಲ. ಸಭೆಯೆಂಬುದರ ಅರ್ಥವನ್ನೇ ಅವರು ಅಲ್ಲಿ ಕಂಡಿರಬೇಕು.

3. ಚಾರಿತ್ರಿಕ ಹಿನ್ನೆಲೆ: ಕೂಟಗಳ ಮೂರು ಬಗೆ

ಮೈಸೂರು ಸೀಮೆಗೆ ಕ್ರೈಸ್ತ ಧರ್ಮ ಬಂದದ್ದು ಹದಿನೇಳನೆಯ ಶತಮಾನದ ಮಧ್ಯಭಾಗದಲ್ಲಿ, ಶ್ರೀರಂಗಪಟ್ಟಣಕ್ಕೆ ಬಂದ ಯೇಸುಸಭೆಯ ಗುರುಗಳ ಮೂಲಕ. ಕಥೋಲಿಕ ಆಡಳಿತದಲ್ಲಿ 1886ರಲ್ಲಿ ಮೈಸೂರು ಧರ್ಮಪ್ರಾಂತ್ಯ ರೂಪುಗೊಂಡಿತು. 1940ರಲ್ಲಿ ಬೆಂಗಳೂರು, ಮೈಸೂರು ಬೇರೆಬೇರೆ ಧರ್ಮಪ್ರಾಂತ್ಯಗಳಾದವು, 1953ರಲ್ಲಿ ಬೆಂಗಳೂರು ಮಹಾಧರ್ಮಪ್ರಾಂತ್ಯವಾಯಿತು. ಪ್ರಾಟೆಸ್ಟೆಂಟರಲ್ಲಿ ಲಂಡನ್ ಮಿಷನ್ 1820ರಲ್ಲಿ ಬೆಂಗಳೂರಿಗೆ ಬಂತು. ವೆಸ್ಲಿಯನ್ ಮಿಷನ್ ಅದರ ಬೆನ್ನಿಗೇ ಬಂದು, 1837ರಲ್ಲಿ ಥಾಮಸ್ ಹಾಡ್ಸನ್ ಮೂಲಕ ತುಮಕೂರು ಕಡೆಯ ಗುಬ್ಬಿಯಲ್ಲಿ ನೆಲೆಯೂರಿತು. ಅದೇ ವರ್ಷ ಬೆಂಗಳೂರಿಗೆ ಬಂದ ಲಂಡನ್ ಮಿಷನ್ನಿನ ಬೆಂಜಮಿನ್ ರೈಸ್ ಅರ್ಧ ಶತಮಾನ ಇಲ್ಲೇ ದುಡಿದರು. ಅವೆನ್ಯೂ ರಸ್ತೆಯ ಕನ್ನಡ ದೇವಾಲಯ ಇಂದಿಗೂ ಅವರ ಹೆಸರನ್ನು ಹೊತ್ತಿದೆ. ಜಾನ್ ಹ್ಯಾಂಡ್ಸ್ ಮತ್ತು ಅವರ ಜೊತೆಗಾರರು ಬಳ್ಳಾರಿಯಲ್ಲಿ ನಡೆಸಿದ ಕೆಲಸದಿಂದ 1830ರ ದಶಕದ ಆರಂಭದಲ್ಲಿ ಇಡೀ ಬೈಬಲ್ ಕನ್ನಡದಲ್ಲಿ ಲಭ್ಯವಾಯಿತು.

ಈ ಪರಂಪರೆಗಳು ತಂದ ಬೋಧನೆಯ ಬಗ್ಗೆ ಸಾಕಷ್ಟು ಬರೆಯಲಾಗಿದೆ. ಅವು ತಂದ ಕೂಟದ ಮಾದರಿಗಳಿಗೆ ಅಷ್ಟು ಗಮನ ಸಿಕ್ಕಿಲ್ಲ.

ಮೊದಲನೆಯದು ವೆಸ್ಲಿಯನ್ನರ ಕ್ಲಾಸ್ ಮೀಟಿಂಗ್. ಅದರ ಹುಟ್ಟು ಒಂದು ಸಾಲದಲ್ಲಿದೆ. 1742ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಪ್ರಾರ್ಥನಾ ಮಂದಿರದ ಸಾಲ ತೀರಿಸಲು ಪ್ರತಿ ಸದಸ್ಯರಿಂದ ವಾರಕ್ಕೊಂದು ಪೆನ್ನಿ ಎತ್ತುವುದೆಂದು ಗೊತ್ತುಮಾಡಿದರು. ಸುಮಾರು ಹನ್ನೆರಡು ಮಂದಿಗೊಬ್ಬ ಮುಖಂಡ, ಅವನು ವಾರವಾರ ಮನೆಮನೆಗೆ ಹೋಗಬೇಕು. ಹಾಗೆ ಹೋದವರಿಗೆ ಯಾವ ಮನೆಯಲ್ಲಿ ಜಗಳ, ಯಾರು ಕುಡಿತಕ್ಕೆ ಬಿದ್ದಿದ್ದಾರೆ ಎಂಬುದು ಕಣ್ಣಿಗೆ ಬೀಳತೊಡಗಿತು. ಜಾನ್ ವೆಸ್ಲಿ ಈ ವಸೂಲಿಯ ಏರ್ಪಾಡಿನಲ್ಲಿ ಪಾಲನೆಯ ದಾರಿಯನ್ನು ಕಂಡರು. ಬರಬರುತ್ತ ಹನ್ನೆರಡು ಮಂದಿ ವಾರಕ್ಕೊಮ್ಮೆ ಒಟ್ಟಿಗೆ ಕೂಡಿ ತಮ್ಮ ಆತ್ಮದ ಸ್ಥಿತಿಗತಿಯನ್ನು ಹೇಳಿಕೊಳ್ಳುವ ಕ್ರಮ ನೆಲೆಗೊಂಡಿತು. ಮೂರು ತಿಂಗಳಿಗೊಮ್ಮೆ ಸದಸ್ಯತ್ವದ ಚೀಟಿಯನ್ನು ಪರಿಶೀಲಿಸಿ ಹೊಸದಾಗಿ ಕೊಡುತ್ತಿದ್ದರು. ವಿಚಾರಿಸುವವರು ದೀಕ್ಷೆ ಪಡೆದ ಗುರುಗಳಾಗಿರಬೇಕಿರಲಿಲ್ಲ, ಬಹುಪಾಲು ಸಾಮಾನ್ಯ ಕಸುಬಿನವರೇ ಆಗಿದ್ದರು.

ಎರಡನೆಯದು ಲಂಡನ್ ಮಿಷನ್ನಿನ ಕಾಂಗ್ರಿಗೇಷನಲ್ ಪದ್ಧತಿ. ಹೊಸಬರನ್ನು ಸೇರಿಸಿಕೊಳ್ಳುವುದು, ತಪ್ಪಿದವರನ್ನು ತಿದ್ದುವುದು, ಹಣದ ವಿನಿಯೋಗ ಎಲ್ಲವೂ ಸದಸ್ಯರೆಲ್ಲ ಕೂಡಿದ ಸಭೆಯ ಹೊಣೆ ಎಂಬುದು ಅದರ ತತ್ತ್ವ. 1947ರ ಸೆಪ್ಟೆಂಬರ್ 27ರಂದು ಮದ್ರಾಸಿನಲ್ಲಿ ದಕ್ಷಿಣ ಭಾರತ ಸಭೆ ಉದಯವಾದಾಗ ಈ ಎರಡು ಪರಂಪರೆಗಳ ಜೊತೆಗೆ ಬಿಷಪ್ಪರ ಕೈಯಿಂದ ಸ್ಥಿರೀಕರಣ ಪಡೆಯುವ ಆಂಗ್ಲಿಕನ್ ಕ್ರಮವೂ ಒಂದೇ ಮನೆಯೊಳಗೆ ಬಂತು.

ಮೂರನೆಯದು ಹಳ್ಳಿಯ ಉಪದೇಶಿಯದು. ಗುರುಗಳು ಅಪರೂಪಕ್ಕೆ ಬರುವ ಊರುಗಳಲ್ಲಿ ಕಥೋಲಿಕರಿಗೂ ಪ್ರಾಟೆಸ್ಟೆಂಟರಿಗೂ ಉಪದೇಶಿಗಳೇ ಆಧಾರ. ಮಕ್ಕಳಿಗೆ ಜಪ ಕಲಿಸುವುದು, ರೋಗಿಯ ಬಳಿ ಕೂರುವುದು, ಮಣ್ಣು ಮಾಡುವಾಗ ಪ್ರಾರ್ಥಿಸುವುದು ಎಲ್ಲ ಅವರ ಪಾಲಿನದು. ಮನೆಯೊಳಗಿನ ಹೆಂಗಸರಿಗೆ ಓದು ಕಲಿಸುತ್ತ ವಾಕ್ಯ ಹೇಳಿದ ಬೈಬಲ್ ಸ್ತ್ರೀಯರ ಸೇವೆಯೂ ಇದೇ ಸಾಲಿನದು. ಎರಡನೆಯ ವ್ಯಾಟಿಕನ್ ಸಮ್ಮೇಳನ 1964ರಲ್ಲಿ ಹೊರಡಿಸಿದ ಧರ್ಮಸಭೆಯ ಕುರಿತ ಸಂವಿಧಾನ, ಪಾವಿತ್ರ್ಯದ ಕರೆ ಗುರುಗಳಿಗೂ ಗೃಹಸ್ಥರಿಗೂ ಸಮಾನವೆಂದು ಸಾರಿತು. ಅದರ ಚೈತನ್ಯವನ್ನು ಭಾರತದ ಮಣ್ಣಿಗೆ ಹೊಂದಿಸಲೆಂದು ಡಿ. ಎಸ್. ಅಮಲೋರ್ಪವದಾಸ್ 1967ರಲ್ಲಿ ಬೆಂಗಳೂರಿನಲ್ಲೇ ರಾಷ್ಟ್ರೀಯ ಬೈಬಲ್, ಧರ್ಮೋಪದೇಶ ಮತ್ತು ಆರಾಧನಾ ಕೇಂದ್ರವನ್ನು ಆರಂಭಿಸಿದರು. ನೆರೆಹೊರೆಯ ಕುಟುಂಬಗಳು ಕೂಡುವ ಕಿರು ಕ್ರೈಸ್ತ ಸಮುದಾಯಗಳು ಇಂದು ಧರ್ಮಕೇಂದ್ರಗಳಲ್ಲಿ ಈ ಕೆಲಸವನ್ನು ಮುಂದುವರಿಸುತ್ತಿವೆ.

4. ಆಚರಣೆಗಳ ವಿಶ್ಲೇಷಣೆ

ಮನೆ ಕೂಟ, ಅಥವಾ ಜನರ ಬಾಯಲ್ಲಿ ಕಾಟೇಜ್ ಪ್ರೇಯರ್, ಈ ಜಿಲ್ಲೆಯ ಸಭೆಗಳಿಗೆ ಬಹು ಪರಿಚಿತ. ದೊಡ್ಡಬಳ್ಳಾಪುರದಂಥ ಮಗ್ಗದ ಊರಿನಲ್ಲಿ ಅದು ನಡೆಯುವುದು ಕೆಲಸ ಮುಗಿಸಿ ಬಂದವರು ಕೈಕಾಲು ತೊಳೆದುಕೊಂಡ ಮೇಲೆ. ಚಾಪೆ ಹಾಸಿರುತ್ತದೆ, ಮನೆಯವರು ಅಕ್ಕಪಕ್ಕದಿಂದ ಎರಡು ಕುರ್ಚಿ ತಂದಿರುತ್ತಾರೆ. ಕೀರ್ತನೆ, ವಾಕ್ಯಪಠಣ ಆದಮೇಲೆ ಪ್ರಾರ್ಥನೆಯ ವಿಜ್ಞಾಪನೆಗಳನ್ನು ಕೇಳುತ್ತಾರೆ. ಮಗಳ ಪರೀಕ್ಷೆ, ಅತ್ತೆಯ ಸಕ್ಕರೆ ಕಾಯಿಲೆ, ಕೈಸಾಲ, ಬಿಡಲಾಗದ ಕುಡಿತ ಒಂದೊಂದಾಗಿ ಹೊರಬರುತ್ತವೆ. ಕೊನೆಗೆ ಕಾಫಿ ಲೋಟ ಕೈಗೆ ಬಂದಾಗ ಯಾರಾದರೂ ಹಿರಿಯರು, ಇವತ್ತು ಯಾಕೆ ಆ ಮನೆಯವರು ಬಂದಿಲ್ಲ ಎಂದು ಕೇಳುತ್ತಾರೆ. ಬ್ರಿಸ್ಟಲ್‌ನ ಮುಖಂಡ ಮನೆಬಾಗಿಲಲ್ಲಿ ನಿಂತು ಮಾಡುತ್ತಿದ್ದ ಕೆಲಸ ಇದೇ. ಬಾರದವರನ್ನು ಕೇಳುವ ಆ ಪ್ರಶ್ನೆ ಇರುವವರೆಗೆ ಕೂಟ ಜೀವಂತ. ಅದು ನಿಂತಲ್ಲಿ ಅದೇ ಕೀರ್ತನೆ, ಅದೇ ವಾಕ್ಯ ಮುಂದುವರಿದರೂ ಪಾಲನೆ ನಿಂತಂತೆಯೇ.

ಸುಗ್ಗಿ ಹಬ್ಬ ಇನ್ನೊಂದು ಪಾಠಶಾಲೆ. ಆರಾಧನೆಯ ಹೊತ್ತಿಗೆ ಬಲಿಪೀಠದ ಮುಂದೆ ರಾಗಿ, ಅವರೆಕಾಯಿ, ಕುಂಬಳಕಾಯಿ, ಮೊಟ್ಟೆ, ಕಾಲು ಕಟ್ಟಿದ ಕೋಳಿ ಬಂದು ಕೂರುತ್ತವೆ. ದೇವನಹಳ್ಳಿ ಕಡೆಯಾದರೆ ಚಕ್ಕೋತ, ದ್ರಾಕ್ಷಿಯೂ ಸೇರಬಹುದು. ಆರಾಧನೆ ಮುಗಿದ ಮೇಲೆ ಹರಾಜು. ಒಂದು ಚಕ್ಕೋತವನ್ನು ಪೇಟೆ ದರಕ್ಕಿಂತ ಹಲವು ಪಟ್ಟು ಕೊಟ್ಟು ಕೂಗಿಕೊಂಡವರು ಅದನ್ನು ಮತ್ತೆ ಮೇಜಿನ ಮೇಲೇ ಇಡುತ್ತಾರೆ, ಅದು ಇನ್ನೊಮ್ಮೆ ಹರಾಜಾಗುತ್ತದೆ. ಕೂಲಿ ಮಾಡುವ ವಿಧವೆಯ ಸೇರು ರಾಗಿಗೂ ತೋಟದವರ ದ್ರಾಕ್ಷಿ ಬುಟ್ಟಿಗೂ ಒಂದೇ ಮೇಜು. ಮುಂದಿನ ಭಾನುವಾರ ಖಜಾಂಚಿ ಎದ್ದು ನಿಂತು ಬಂದದ್ದೆಷ್ಟು, ಹೋಗಿದ್ದೆಷ್ಟು ಎಂದು ಓದಿಹೇಳಬೇಕು. ಕೊಡುವ ಉದಾರತೆಯನ್ನೂ ಲೆಕ್ಕದ ಪ್ರಾಮಾಣಿಕತೆಯನ್ನೂ ಒಟ್ಟಿಗೆ ಕಲಿಸುವ ಸಂದರ್ಭ ಇದಕ್ಕಿಂತ ಒಳ್ಳೆಯದು ಸಿಗುವುದು ಕಷ್ಟ.

ಸ್ಥಿರೀಕರಣದ ತರಗತಿಯಲ್ಲಿ ಹದಿಹರೆಯದವರು ಕರ್ತನ ಪ್ರಾರ್ಥನೆ, ದಶಾಜ್ಞೆ, ವಿಶ್ವಾಸಪ್ರಮಾಣಗಳನ್ನು ಬಾಯಿಪಾಠ ಮಾಡುತ್ತಾರೆ. ಬಿಷಪ್ಪರು ತಲೆಯ ಮೇಲೆ ಕೈಯಿಟ್ಟ ದಿನ ಅವರ ವಿದ್ಯೆ ಮುಗಿಯಿತೆಂದು ಎಷ್ಟೋ ಮನೆಗಳು ತಿಳಿಯುತ್ತವೆ. ಆ ದಿನದಿಂದಾಚೆಗೆ ಅವರಿಗೊಂದು ಹೊಣೆ ಸಿಕ್ಕರೆ ಮಾತ್ರ ಕಲಿತದ್ದು ಬೇರೂರುತ್ತದೆ. ಭಾನುವಾರದ ಶಾಲೆಯ ಪುಟ್ಟ ಮಕ್ಕಳಿಗೆ ಪಾಠ ಹೇಳುವುದು, ಹಾಸಿಗೆ ಹಿಡಿದ ಹಿರಿಯರಿಗೆ ಬೈಬಲ್ ಓದಿಹೇಳುವುದು ಅಂಥ ಹೊಣೆಗಳು.

5. ಪಂಕ್ತಿಯ ಪ್ರಶ್ನೆ

ಸಭೆಯ ಪ್ರೌಢತೆಗೆ ಅತಿ ಕಠಿಣ ಪರೀಕ್ಷೆ ಜಾತಿ. ದಕ್ಷಿಣ ಭಾರತದ ಸಭೆಗಳಲ್ಲಿ ಜಾತಿ ಭೇದ ತೊಲಗಬೇಕೆಂದು ಕಲ್ಕತ್ತೆಯ ಬಿಷಪ್ ಡೇನಿಯಲ್ ವಿಲ್ಸನ್ 1833ರಲ್ಲೇ ಪತ್ರ ಹೊರಡಿಸಿದ್ದರು. ಪ್ರಭು ಭೋಜನದ ಪಾತ್ರೆಯನ್ನು ಎಲ್ಲರೂ ಹಂಚಿಕೊಂಡು, ಮದುವೆ ಮಾತುಕತೆಯಲ್ಲಿ ಮಾತ್ರ ಹಳೆಯ ಎಣಿಕೆ ಹೊರತೆಗೆಯುವ ನಡತೆ ಇನ್ನೂ ಮಾಯವಾಗಿಲ್ಲ. ಹೊರಗಿನಿಂದ ಬಂದ ಹೊರೆಯೂ ಇದೆ: 1950ರ ಪರಿಶಿಷ್ಟ ಜಾತಿಗಳ ಆದೇಶದಂತೆ ಕ್ರೈಸ್ತರಾದ ದಲಿತರಿಗೆ ಪರಿಶಿಷ್ಟ ಜಾತಿಯ ಸ್ಥಾನಮಾನವಿಲ್ಲ. ಮೀಸಲಾತಿ ಕಳೆದುಕೊಂಡೂ ಸಮಾನತೆಯನ್ನು ಪೂರ್ತಿ ಪಡೆಯದವರ ನೋವನ್ನು ಅರಿಯದ ಸಭೆ ತನ್ನನ್ನು ಪ್ರೌಢವೆಂದು ಕರೆದುಕೊಳ್ಳುವಂತಿಲ್ಲ. ಇಲ್ಲಿ ವೈಯಕ್ತಿಕ ಭಕ್ತಿಯೊಂದೇ ಸಾಲದು. ಇಡೀ ಸಭೆ ಒಟ್ಟಾಗಿ ಪಶ್ಚಾತ್ತಾಪಪಡಬೇಕಾದ ವಿಷಯವಿದು.

6. ಇಂದಿನ ಸವಾಲುಗಳು

2008ರಲ್ಲಿ ದೇವನಹಳ್ಳಿಯ ಬಳಿ ವಿಮಾನ ನಿಲ್ದಾಣ ಆರಂಭವಾದ ಮೇಲೆ ಜಿಲ್ಲೆಯ ಚಹರೆ ಬದಲಾಗಿದೆ. ಹೊಲಗಳು ಬಡಾವಣೆಗಳಾದವು. ಹೊಸಕೋಟೆ, ನೆಲಮಂಗಲಗಳ ಕಾರ್ಖಾನೆ ಮತ್ತು ಗೋದಾಮುಗಳಿಗೆ ದೂರದ ಊರುಗಳಿಂದ ಜನ ಬಂದರು. ಅವರಲ್ಲಿ ಬೇರೆ ಭಾಷೆಯ ಕ್ರೈಸ್ತರೂ ಇದ್ದಾರೆ. ಪಾಳಿ ಕೆಲಸದಿಂದ ಭಾನುವಾರ ಬೆಳಗ್ಗೆ ಬರಲಾಗದವರಿದ್ದಾರೆ, ಮೊಬೈಲಿನಲ್ಲೇ ಪ್ರಸಂಗ ಕೇಳಿ ತೃಪ್ತರಾಗುವವರಿದ್ದಾರೆ. ಪ್ರಸಂಗವನ್ನು ಮೊಬೈಲು ಮನೆಗೆ ತರಬಲ್ಲದು, ನೀವು ಯಾಕೆ ಬರಲಿಲ್ಲ ಎಂದು ಕೇಳುವವರನ್ನು ತರಲಾರದು.

ಹಳೆಯ ಸಭೆಗಳ ಒಳಗೂ ರೋಗಗಳಿವೆ. ಕಮಿಟಿ ಚುನಾವಣೆಯ ಗುಂಪುಗಾರಿಕೆ, ಆಸ್ತಿಯ ಮೇಲಿನ ವ್ಯಾಜ್ಯ, ಎಲ್ಲವನ್ನೂ ಅಯ್ಯನವರ ತಲೆಗೆ ಕಟ್ಟಿ ಸುಮ್ಮನಾಗುವ ಅಭ್ಯಾಸ ಅವುಗಳಲ್ಲಿ ಮುಖ್ಯ. ಹೊಸ ಪ್ರಾರ್ಥನಾ ಮಂದಿರಗಳಲ್ಲಿ ಹೊಸಬರಿಗೆ ಬೆಚ್ಚಗಿನ ಸ್ವಾಗತ ಸಿಗುತ್ತದೆ. ಆದರೆ ಆಶೀರ್ವಾದವನ್ನು ಸಂಬಳ, ಸೈಟು, ಗುಣವಾದ ಕಾಯಿಲೆಯಲ್ಲಷ್ಟೇ ಎಣಿಸುವ ಬೋಧನೆ ಸೇರಿಕೊಂಡ ಕಡೆ, ಕಷ್ಟ ತೀರದವರು ತಮ್ಮ ನಂಬಿಕೆಯನ್ನೇ ಶಂಕಿಸುವಂತಾಗುತ್ತದೆ. ಗುಣವಾಗದ ರೋಗಿಯ ಪಕ್ಕದಲ್ಲಿ ಉಳಿಯುವ ಶಕ್ತಿ ಯಾವ ಸಭೆಗಿದೆಯೋ ಅದರಲ್ಲಿ ಕ್ರಿಸ್ತನ ಶಿಲುಬೆಯ ಅರಿವು ಆಳವಾಗಿ ಇಳಿದಿದೆ.

7. ಉಪಸಂಹಾರ

ಈ ವಿಶ್ಲೇಷಣೆಯಿಂದ ಪ್ರೌಢತೆಯ ಮೂರು ಗುರುತುಗಳು ಹೊರಡುತ್ತವೆ. ಪ್ರೌಢ ವಿಶ್ವಾಸಿಗಳು ತಮ್ಮನ್ನು ಬೇರೆಯವರು ವಿಚಾರಿಸಲು ಬಿಡುತ್ತಾರೆ, ತಾವೂ ಇನ್ನೊಬ್ಬರನ್ನು ಪ್ರೀತಿಯಿಂದ ವಿಚಾರಿಸುತ್ತಾರೆ. ಕೊಟ್ಟದ್ದಕ್ಕೂ ತೆಗೆದುಕೊಂಡದ್ದಕ್ಕೂ ಲೆಕ್ಕ ಒಪ್ಪಿಸುತ್ತಾರೆ. ಮುನಿದವರೊಡನೆ ರಾಜಿಯಾಗಲು ಮೊದಲ ಹೆಜ್ಜೆ ಇಡುತ್ತಾರೆ. ಮೂರರಲ್ಲಿ ಯಾವುದೂ ಒಬ್ಬಂಟಿಯಾಗಿ ಕಲಿಯುವಂಥದ್ದಲ್ಲ, ಯಾವುದಕ್ಕೂ ದೊಡ್ಡ ವಿದ್ಯೆ ಬೇಕಿಲ್ಲ. ಹಾಗಾಗಿ ಸಭೆಗಳು ಮೊದಲು ಕೈಹಾಕಬೇಕಾದ ಕೆಲಸ ಸ್ಪಷ್ಟವಾಗಿದೆ. ಹತ್ತು ಹನ್ನೆರಡು ಮಂದಿಯ ಕೂಟಗಳನ್ನು ಮತ್ತೆ ಕಟ್ಟಬೇಕು. ಅವು ಪಾಳಿಯವರ ಬಿಡುವಿನ ಹೊತ್ತಿಗೆ ಕೂಡಬೇಕು, ಬಾಡಿಗೆ ಮನೆಯ ಹೊಸಬರಿಗೂ ತೆರೆದಿರಬೇಕು, ಜಾತಿಯ ಗುಂಪುಗಳಾಗದಂತೆ ಎಚ್ಚರದಿಂದ ಬೆರೆತಿರಬೇಕು. ಹೆಂಗಸರಿಗೂ ಯುವಜನರಿಗೂ ಅವುಗಳ ಮುಖಂಡತ್ವ ಸಿಗಬೇಕು. ಉಪದೇಶಿಗಳು, ಬೈಬಲ್ ಸ್ತ್ರೀಯರು ಕಾಲ್ನಡಿಗೆಯಲ್ಲಿ ಕಟ್ಟಿದ ಸಭೆಗಳಿಗೆ ಇದು ಶಕ್ತಿ ಮೀರಿದ ಕೆಲಸವೇನಲ್ಲ. ವಿಶ್ವಾಸಿಗಳು ಎಷ್ಟು ಬೆಳೆದಿದ್ದಾರೆ ಎಂದು ಅಳೆಯಲು ಹೊರಡುವ ಸಭೆ, ತನ್ನಲ್ಲಿ ಎಷ್ಟು ಜನರಿಗೆ ವಾರಕ್ಕೊಮ್ಮೆಯಾದರೂ ಹೆಸರು ಹಿಡಿದು ವಿಚಾರಿಸುವವರು ಇದ್ದಾರೆ ಎಂಬ ಎಣಿಕೆಯಿಂದ ಆರಂಭಿಸಲಿ.