ಒತ್ತಡದಲ್ಲಿ ಸ್ಪಿನ್ ಸರಪಳಿ: ತಾಮ್ರ ಜರ್ಮನೇಟಿನ ಒಗಟು, ಬೆಂಗಳೂರಿನ ಲೆಕ್ಕ

ಹರಳನ್ನು ಹಿಂಡಿದರೆ ಪರಮಾಣುಗಳು ಹತ್ತಿರವಾಗುತ್ತವೆ, ಹತ್ತಿರವಾದಷ್ಟೂ ಅವುಗಳ ಕಾಂತೀಯ ನಂಟು ಬಲಿಯಬೇಕು. ತಾಮ್ರ ಜರ್ಮನೇಟ್ ಈ ಊಹೆಗೆ ಒಗ್ಗುವುದಿಲ್ಲ. ಇದರಲ್ಲಿ ಸುಮಾರು 14 ಕೆಲ್ವಿನ್‌ನಲ್ಲಿ ಸ್ಪಿನ್-ಪೈಯರ್ಲ್ಸ್ ಸ್ಥಿತ್ಯಂತರ ಆಗುವುದನ್ನು 1993ರಲ್ಲಿ ಜಪಾನಿನ ಹಾಸೆ, ತೆರಾಸಾಕಿ, ಉಚಿನೊಕುರಾ ಪ್ರಕಟಿಸಿದರು. ಒತ್ತಡ ಹೇರಿದರೆ ಈ ತಾಪಮಾನ ಪ್ರತಿ ಗಿಗಾಪಾಸ್ಕಲ್‌ಗೆ ಸುಮಾರು 5 ಕೆಲ್ವಿನ್ ಏರುತ್ತದೆ, ಶಕ್ತಿ ಅಂತರವೂ (ಸ್ಪಿನ್ ಜೋಡಿಯೊಂದನ್ನು ಮುರಿಯಲು ಬೇಕಾದ ಕನಿಷ್ಠ ಶಕ್ತಿ) ಹಿಗ್ಗುತ್ತದೆ. ಆದರೆ ಪಕ್ಕಪಕ್ಕದ ಸ್ಪಿನ್‌ಗಳ ನಂಟು ‘ಜೆ’ ಮಾತ್ರ ಇಳಿಯುತ್ತದೆ.

ಶಿಕಾರಿಪುರ, ಸೊರಬದ ಕಡೆ ಕೋಲಾಟ ಕಂಡವರಿಗೆ ಈ ಸ್ಥಿತ್ಯಂತರದ ಚಿತ್ರ ಸುಲಭ. ಸಾಲಿನಲ್ಲಿ ನಿಂತವರು ಇಬ್ಬಿಬ್ಬರಾಗಿ ಜೋಡಿ ಕಟ್ಟಿ ಪರಸ್ಪರ ಕೋಲು ತಾಗಿಸುತ್ತಾರೆ. ಸ್ಪಿನ್‌ಗಳೂ ಹಾಗೆಯೇ ಜೋಡಿಯಾಗುತ್ತವೆ, ಜೊತೆಗೆ ಹರಳಿನ ಜಾಲವೂ ಕೊಂಚ ಸರಿದು ಸಹಕರಿಸುತ್ತದೆ. ಒಬ್ಬನನ್ನು ಬಿಟ್ಟು ಅದರಾಚೆಯವನ ಕೋಲೂ ನಡುವೆ ಬಂದರೆ ಆಟ ತೊಡಕಾಗುತ್ತದೆ. ಆ ತೊಡಕಿನ ಅಳತೆ ‘ಆಲ್ಫಾ’: ಎರಡನೆಯ ನೆರೆಯ ನಂಟನ್ನು ಮೊದಲ ನೆರೆಯ ನಂಟಿನಿಂದ ಭಾಗಿಸಿ ಬಂದದ್ದು. (ಹೋಲಿಕೆ ಇಲ್ಲಿಗೆ ಸಾಕು. ಕ್ವಾಂಟಂ ಜೋಡಿಯಲ್ಲಿ ಯಾವ ಕೋಲೂ ಮೇಲೆಂದೋ ಕೆಳಗೆಂದೋ ನಿಂತಿರುವುದಿಲ್ಲ.)

ತಾಮ್ರ-ಆಮ್ಲಜನಕ-ತಾಮ್ರ ಕೋನ ಇಲ್ಲಿ ಸುಮಾರು 99 ಡಿಗ್ರಿ. ಲಂಬಕೋನದ ಈ ಆಸುಪಾಸಿನಲ್ಲಿ ಫೆರೋಕಾಂತೀಯ ಮತ್ತು ಪ್ರತಿಫೆರೋಕಾಂತೀಯ ಒಲವುಗಳು ಒಂದನ್ನೊಂದು ಹೆಚ್ಚು ಕಡಿಮೆ ಕಳೆಯುತ್ತವೆ. ಹೀಗಾಗಿ ಕೋನ ಅಲ್ಪ ಬದಲಾದರೂ ‘ಜೆ’ ಬಹಳ ಅಲುಗುತ್ತದೆ. ಎರಡನೆಯ ನಂಟು ಎರಡು ಆಮ್ಲಜನಕಗಳ ದಾರಿ ಹಿಡಿಯುವುದರಿಂದ ಅಷ್ಟು ಸೂಕ್ಷ್ಮವಲ್ಲ. ಒತ್ತಡಕ್ಕೆ ‘ಜೆ’ ಕುಗ್ಗಿದರೆ ಆಲ್ಫಾ ತಾನಾಗಿ ಏರುತ್ತದೆ.

ಏರಿದರೆ ಏನಾಗುತ್ತದೆ? 1995ರಲ್ಲಿ ಬೆಂಗಳೂರಿನ ಆರ್. ಚಿತ್ರಾ, ಸ್ವಪನ್ ಪತಿ, ಎಚ್. ಆರ್. ಕೃಷ್ಣಮೂರ್ತಿ, ದೀಪ್ತಿಮಾನ್ ಸೇನ್, ಎಸ್. ರಾಮಶೇಷ ಅವರು ಪ್ರಕಟಿಸಿದ ಲೆಕ್ಕ ಇಲ್ಲಿ ನೆರವಾಗುತ್ತದೆ. ಅದು ಒತ್ತಡ ಪ್ರಯೋಗಗಳಿಗೆಂದು ಬರೆದದ್ದಲ್ಲ. ಜಾಲದ ಸಹಾಯವಿಲ್ಲದ ಸರಪಳಿಯಲ್ಲಿ ಆಲ್ಫಾ ಸುಮಾರು 0.241 ದಾಟಿದ ಮೇಲೆಯೇ ಶಕ್ತಿ ಅಂತರ ತೆರೆಯುತ್ತದೆ. ಸರಿಯಾಗಿ ಆ ಗಡಿಯಲ್ಲೇ ಇರುವ ಸರಪಳಿಗೆ ಅಲ್ಪ ಜೋಡಿಕಟ್ಟುವಿಕೆ ಸೇರಿಸಿದರೆ ಅಂತರ ಅದರ 0.667ನೆಯ ಘಾತದಂತೆ ಬೆಳೆಯುತ್ತದೆ.

ಅದೇ ವರ್ಷ ಜರ್ಮನೇಟಿಗೆ ಆಲ್ಫಾ 0.24 ಎಂದು ಒಂದು ತಂಡ, 0.36 ಎಂದು ಇನ್ನೊಂದು ತಂಡ ಅಂದಾಜಿಸಿದವು. ‘ಜೆ’ ಇಳಿದರೂ ಅಂತರ ಹಿಗ್ಗುವುದನ್ನು ನೋಡಿದರೆ, ತೊಡಕನ್ನು ಕೈಬಿಟ್ಟು ಜಾಲವೊಂದಕ್ಕೇ ಎಲ್ಲ ಹೊಣೆ ಹೊರಿಸುವುದು ಸರಿಯೆನಿಸದು.

ಆದರೆ ಸರಪಳಿ ಒಂಟಿಯೂ ಅಲ್ಲ. ಬಿ-ಅಕ್ಷದತ್ತ ಪಕ್ಕದ ಸರಪಳಿಯೊಂದಿಗಿನ ನಂಟು ‘ಜೆ’ಯ ಸುಮಾರು ಹತ್ತನೆಯ ಒಂದರಷ್ಟಿದೆ, ಹರಳು ಎಲ್ಲಕ್ಕಿಂತ ಸುಲಭವಾಗಿ ಕುಗ್ಗುವುದೂ ಅದೇ ಅಕ್ಷದಲ್ಲಿ. ಏಕಆಯಾಮದ ಲೆಕ್ಕ ಮೊದಲು ಸಡಿಲುವುದು ಅಲ್ಲಿಯೇ.